ಗಿಳಿಯ ಬೆನ್ನು ಹತ್ತಬೇಡಿ, ಮರದ ಬಳಿ ಕಾಯಿರಿ

ಬೀದಿಯ ಮೇಲಿಂದ ಕೀರಲು ದನಿ ಕೇಳಿ ತಲೆಯೆತ್ತುವಷ್ಟರಲ್ಲಿ ನಾಲ್ಕೈದು ಹಸಿರು ಹಕ್ಕಿಗಳು ಬಾಣದಂತೆ ಮನೆಗಳ ಸಾಲನ್ನು ದಾಟಿ ಹೋಗಿರುತ್ತವೆ. ಕ್ಯಾಮೆರಾ ಕಣ್ಣಿಗೆ ಹಿಡಿದರೆ ಸಿಗುವುದು ಖಾಲಿ ಆಕಾಶ, ಇಲ್ಲವೇ ದೂರದಲ್ಲೊಂದು ಮಸುಕು ಬಾಲ. ನಗರದ ಗಿಳಿಗಳ ಫೋಟೊ ತೆಗೆಯಲು ಹೊರಟವರಲ್ಲಿ ಹೆಚ್ಚಿನವರು ಮೊದಲ ಕೆಲವು ವಾರಗಳನ್ನು ಹೀಗೆಯೇ ಕಳೆಯುತ್ತಾರೆ. ನಾನೂ ಹಾಗೆಯೇ ಕಳೆದೆ. ಇನ್ನೂ ಉದ್ದದ ಲೆನ್ಸ್ ಬಂದರೆ ಎಲ್ಲವೂ ಸರಿಹೋಗುತ್ತದೆ ಎಂದು ನಂಬಿದ್ದೆ. ಆದರೆ ಚಿತ್ರಗಳು ಸುಧಾರಿಸಿದ್ದು ಕ್ಯಾಮೆರಾವನ್ನು ಮನೆಯಲ್ಲಿಟ್ಟು ಒಂದು ವಾರ ಬರಿಗೈಯಲ್ಲಿ ಆ ಹಕ್ಕಿಗಳನ್ನು ನೋಡಿದ ಮೇಲೆ. ಒಳ್ಳೆಯ ಚಿತ್ರದ ಮುಕ್ಕಾಲು ಕೆಲಸ ಆ ವಾರದಲ್ಲಿಯೇ ಮುಗಿಯುತ್ತದೆ ಎಂಬುದು ನನ್ನ ಗಟ್ಟಿ ನಂಬಿಕೆ. ಆದ್ದರಿಂದ ಇಲ್ಲಿಯೂ ಕ್ಯಾಮೆರಾದ ಮಾತು ಸ್ವಲ್ಪ ತಡವಾಗಿಯೇ ಬರುತ್ತದೆ.

ನಿಮ್ಮ ಬೀದಿಯ ಗಿಳಿ ಯಾವುದು?

ನಗರಗಳಲ್ಲಿ ಬದುಕುವ ಗಿಳಿಗಳೆಲ್ಲ ಒಂದೇ ಜಾತಿಯವಲ್ಲ. ಜಾತಿ ಬೇರೆಯಾದರೆ ಕಾಯಬೇಕಾದ ಜಾಗವೂ ಬೇರೆಯಾಗುತ್ತದೆ.

ಜಗತ್ತಿನ ಬಹಳಷ್ಟು ಊರುಗಳಲ್ಲಿ ಕಾಣುವುದು ಗುಲಾಬಿ ಕೊರಳಪಟ್ಟಿಯ ಗಿಳಿ. ಭಾರತ ಉಪಖಂಡ ಮತ್ತು ಸಹಾರಾ ಮರುಭೂಮಿಯ ದಕ್ಷಿಣಕ್ಕಿರುವ ಆಫ್ರಿಕಾ ಇದರ ತವರು. ಪಂಜರದಿಂದ ಹೊರಬಿದ್ದ ಹಕ್ಕಿಗಳ ಸಂತತಿ ಇಂದು ಲಂಡನ್, ಬ್ರಸೆಲ್ಸ್, ಆಮ್‌ಸ್ಟರ್‌ಡ್ಯಾಮ್‌ಗಳ ಉದ್ಯಾನಗಳಲ್ಲೂ ನೆಲೆಯೂರಿದೆ. ಕೊಕ್ಕಿನಿಂದ ಬಾಲದ ತುದಿಯವರೆಗೆ ಸುಮಾರು 40 ಸೆಂ.ಮೀ. ಉದ್ದದ ಈ ಹಕ್ಕಿಯಲ್ಲಿ ಅರ್ಧ ಪಾಲು ಬಾಲವೇ. ಚೌಕಟ್ಟು ಕಟ್ಟುವಾಗ ಇದನ್ನು ಮರೆತರೆ ಬಾಲ ತುಂಡಾಗಿ ಹೋಗುತ್ತದೆ. ಕೊರಳಿನ ಕಪ್ಪು ಮತ್ತು ಗುಲಾಬಿ ಪಟ್ಟಿ ಬೆಳೆದ ಗಂಡಿಗೆ ಮಾತ್ರ ಇರುತ್ತದೆ. ಅದು ಪೂರ್ತಿಯಾಗಿ ಮೂಡುವುದಕ್ಕೆ ಸುಮಾರು ಮೂರು ವರ್ಷ ಬೇಕು. ಹಾಗಾಗಿ ಪಟ್ಟಿಯಿಲ್ಲದ ಹಕ್ಕಿಗಳನ್ನೆಲ್ಲ ಹೆಣ್ಣು ಎಂದು ಬರೆದುಬಿಡಬೇಡಿ, ಅವುಗಳಲ್ಲಿ ಎಳೆಯ ಗಂಡುಗಳೂ ಇರುತ್ತವೆ. ಇದೇ ರೂಪದ, ಇನ್ನೂ ದೊಡ್ಡ ಮೈಯ, ಹೆಗಲ ಮೇಲೆ ಕಡುಗೆಂಪು ಮಚ್ಚೆಯಿರುವ ಹಕ್ಕಿ ಕಂಡರೆ ಅದು ಅಲೆಕ್ಸಾಂಡ್ರೈನ್ ಗಿಳಿ. ಇವೆರಡೂ ಮರದ ಪೊಟರೆಗಳಲ್ಲಿ ಮೊಟ್ಟೆಯಿಡುತ್ತವೆ.

ಬಾರ್ಸಿಲೋನಾ, ಷಿಕಾಗೊದಂತಹ ನಗರಗಳಲ್ಲಿರುವ ಮಾಂಕ್ ಗಿಳಿಯ ಕಥೆಯೇ ಬೇರೆ. ದಕ್ಷಿಣ ಅಮೆರಿಕದಿಂದ ಬಂದ ಇದು ಕಡ್ಡಿಗಳನ್ನು ಹೆಣೆದು ಮರದ ಮೇಲೆ, ವಿದ್ಯುತ್ ಕಂಬದ ಮೇಲೆ ದೊಡ್ಡ ಕಂತೆಯಂತಹ ಗೂಡು ಕಟ್ಟುತ್ತದೆ. ಒಂದೇ ಕಂತೆಯಲ್ಲಿ ಹಲವು ಜೋಡಿಗಳು ತಮ್ಮ ತಮ್ಮ ಬಾಗಿಲು ಮಾಡಿಕೊಂಡು, ವರ್ಷವಿಡೀ ಅಲ್ಲಿಯೇ ಮಲಗುತ್ತವೆ. ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಹಾರಾಡುವ ಕೆಂಪು ಮುಖದ ಗಿಳಿಗಳ ಮೂಲ ಈಕ್ವೆಡಾರ್ ಮತ್ತು ಪೆರು. ಕಂಡದ್ದು ಯಾವ ಜಾತಿಯೇ ಇರಲಿ, ಅದು ಗೂಡನ್ನು ಕಟ್ಟುತ್ತದೆಯೇ, ಪೊಟರೆಯನ್ನು ಹುಡುಕುತ್ತದೆಯೇ ಎಂಬುದಿಷ್ಟು ಮೊದಲೇ ತಿಳಿದಿರಲಿ.

ಒಂದು ವಾರ ನೋಟ್‌ಬುಕ್ ಮಾತ್ರ

ಗಿಳಿಗಳ ದಿನಚರಿ ಅಚ್ಚರಿಯಾಗುವಷ್ಟು ಕಟ್ಟುನಿಟ್ಟು. ರಾತ್ರಿ ಅವು ದೊಡ್ಡ ಗುಂಪಾಗಿ ಕೆಲವೇ ಮರಗಳಲ್ಲಿ ತಂಗುತ್ತವೆ. ಬೆಳಕು ಹರಿಯುತ್ತಿದ್ದಂತೆ ಸಣ್ಣ ಸಣ್ಣ ತಂಡಗಳಾಗಿ ಮೇವಿಗೆ ಹೊರಡುತ್ತವೆ. ಬಿಸಿಲೇರಿದ ಮೇಲೆ ದಟ್ಟ ಎಲೆಗಳ ನಡುವೆ ಸುಮ್ಮನೆ ಕುಳಿತು ಗರಿ ತೀಡಿಕೊಳ್ಳುತ್ತವೆ. ಇಳಿಹೊತ್ತಿಗೆ ಇನ್ನೊಂದು ಸುತ್ತು ಮೇಯ್ದು ಮುಸ್ಸಂಜೆಗೆ ಮತ್ತೆ ತಂಗುಮರಕ್ಕೆ ಸೇರುತ್ತವೆ. ಹೋಗುವ ಬರುವ ದಾರಿ ಹೆಚ್ಚು ಬದಲಾಗುವುದಿಲ್ಲ.

ಬರೆದಿಡಬೇಕಾದದ್ದು ಮೂರೇ ಸಂಗತಿ: ಎಷ್ಟು ಹೊತ್ತಿಗೆ ಕಂಡವು, ಯಾವ ದಿಕ್ಕಿನಿಂದ ಯಾವ ದಿಕ್ಕಿಗೆ ಹೋದವು, ಎಲ್ಲಿ ಇಳಿದವು. ಮೂರನೆಯ ದಿನಕ್ಕೇ ಒಂದು ಗೆರೆ ಕಾಣಿಸತೊಡಗುತ್ತದೆ. ಐದನೆಯ ದಿನ ನೀವು ಗಡಿಯಾರ ನೋಡಿ ತಲೆಯೆತ್ತುತ್ತೀರಿ, ಹಿಂಡು ಬರುತ್ತದೆ.

ಎಲ್ಲಿ ಇಳಿದವು ಎಂಬುದೇ ಕಷ್ಟದ ಪ್ರಶ್ನೆ. ಹೊಸಬರು ಸದ್ದನ್ನು ಹಿಂಬಾಲಿಸುತ್ತಾರೆ, ಎಡವುವುದು ಅಲ್ಲಿಯೇ. ಗಿಳಿ ಗಲಾಟೆ ಮಾಡುವುದು ಹೆಚ್ಚಾಗಿ ಹಾರುವಾಗ. ತಿನ್ನಲು ಕುಳಿತಾಗ ಇಡೀ ಹಿಂಡು ತೆಪ್ಪಗಾಗುತ್ತದೆ, ಹಸಿರು ಮೈ ಹಸಿರೆಲೆಯಲ್ಲಿ ಕರಗಿಹೋಗುತ್ತದೆ. ಆಗ ಕಿವಿಗೊಡಬೇಕಾದದ್ದು ಕೂಗಿಗಲ್ಲ, ಎಲೆಗಳ ಮೇಲೆ ಟಪಟಪನೆ ಬೀಳುವ ಸಿಪ್ಪೆಯ ಸದ್ದಿಗೆ. ಗಿಳಿ ತಿನ್ನುವುದಕ್ಕಿಂತ ಚೆಲ್ಲುವುದೇ ಹೆಚ್ಚು. ಒಂದು ಕಾಯಿಯನ್ನು ಎರಡು ಸಲ ಕಚ್ಚಿ ಬಿಸಾಡಿ ಮುಂದಿನದಕ್ಕೆ ಕೊಕ್ಕು ಚಾಚುತ್ತದೆ. ಹಾಗಾಗಿ ಮರದ ಬುಡವನ್ನು ನೋಡಿ. ಅರ್ಧ ಕಚ್ಚಿದ ಕಾಯಿಗಳು, ತೊಟ್ಟಿನ ಬಳಿ ಕತ್ತರಿಸಿದ ಹೂಗಳು, ಸೀಳಿದ ಬೀಜದ ಕೋಡುಗಳು ಹೊಸದಾಗಿ ಬಿದ್ದಿದ್ದರೆ, ಕಚ್ಚಿದ ಜಾಗ ಇನ್ನೂ ಹಸಿಯಾಗಿದ್ದರೆ, ನಿಮ್ಮ ಮರ ಸಿಕ್ಕಿತು. ಒಮ್ಮೆ ಹೂವೋ ಹಣ್ಣೋ ಹಿಡಿಸಿದ ಮರಕ್ಕೆ ಅದು ಬರಿದಾಗುವವರೆಗೂ ಅವು ದಿನವೂ ಬರುತ್ತವೆ. ನಿಮ್ಮ ಕೈಯಲ್ಲಿ ಈಗ ಕೆಲವು ದಿನಗಳಿವೆ, ಮರ ಉದಾರವಾಗಿದ್ದರೆ ಎರಡು ಮೂರು ವಾರ.

ಮೇವಿನ ಮರ ಮತ್ತು ತಂಗುಮರ ಎರಡರಲ್ಲಿ ಒಂದನ್ನೇ ಆರಿಸಬೇಕೆಂದರೆ ನಾನು ಕಣ್ಣು ಮುಚ್ಚಿ ಮೇವಿನ ಮರವನ್ನು ಆರಿಸುತ್ತೇನೆ. ತಂಗುಮರದಲ್ಲಿ ನೂರಾರು ಹಕ್ಕಿಗಳಿದ್ದರೂ ಅವು ಸೇರುವ ಹೊತ್ತಿಗೆ ಬೆಳಕು ಸತ್ತಿರುತ್ತದೆ. ಮೇವಿನ ಮರದಲ್ಲಿ ಆರೇ ಹಕ್ಕಿಗಳಿದ್ದರೂ ಎಳೆಬಿಸಿಲು ಇರುತ್ತದೆ.

ಎಲ್ಲಿ ನಿಲ್ಲಬೇಕು

ಬೆಳಗಿನ ಸೂರ್ಯ ನಿಮ್ಮ ಬೆನ್ನಿಗಿರಲಿ. ಇದು ಎಲ್ಲ ಹಕ್ಕಿಗಳಿಗೂ ಹೇಳುವ ಮಾತು ನಿಜ, ಆದರೆ ಗಿಳಿಯ ಮಟ್ಟಿಗೆ ಇದಕ್ಕೆ ಇನ್ನೊಂದು ಕಾರಣವಿದೆ. ಗಿಳಿಯ ಗರಿಯಲ್ಲಿ ಹಸಿರು ಬಣ್ಣದ ವಸ್ತುವೇ ಇಲ್ಲ. ಗರಿಯೊಳಗಿನ ಸೂಕ್ಷ್ಮ ರಚನೆ ಬೆಳಕನ್ನು ಚದುರಿಸಿ ನೀಲಿಯನ್ನು ಹುಟ್ಟಿಸುತ್ತದೆ. ಗಿಳಿಗಳ ವಂಶದಲ್ಲಷ್ಟೇ ಇರುವ ಸಿಟಾಕೋಫಲ್ವಿನ್ ಎಂಬ ವರ್ಣದ್ರವ್ಯ ಹಳದಿಯನ್ನು ಕೊಡುತ್ತದೆ. ಎರಡೂ ಸೇರಿ ನಮ್ಮ ಕಣ್ಣಿಗೆ ಹಸಿರು. ಬೆಳಕು ಗರಿಗೆ ತಾಗಿ ನಿಮ್ಮತ್ತ ಮರಳಿ ಬಂದರೆ ಮಾತ್ರ ಈ ಹಸಿರು ಮೂಡುತ್ತದೆ. ಹಕ್ಕಿಯ ಹಿಂದೆ ಬಿಳಿ ಆಕಾಶವಿದ್ದು ಎದೆ ನೆರಳಿನಲ್ಲಿದ್ದರೆ ಗಿಳಿಯೂ ಕಾಗೆಯೂ ಚಿತ್ರದಲ್ಲಿ ಒಂದೇ.

ಎರಡನೆಯದು ಎತ್ತರ. ನೆಲದಲ್ಲಿ ನಿಂತು ಮೇಲಕ್ಕೆ ಗುರಿಯಿಟ್ಟರೆ ಹೊಟ್ಟೆ ಮತ್ತು ಬಾಲದ ಅಡಿಭಾಗವೇ ಸಿಗುತ್ತದೆ. ನಗರದಲ್ಲಿ ಇದಕ್ಕೆ ಕಾಡಿನಲ್ಲಿಲ್ಲದ ಪರಿಹಾರವಿದೆ: ಮಹಡಿ, ಮೆಟ್ಟಿಲ ಕಿಟಕಿ, ತಾರಸಿ, ಮೇಲ್ಸೇತುವೆಯ ಪಾದಚಾರಿ ದಾರಿ. ಮರದ ನಡುಕೊಂಬೆಗೆ ಸಮನಾದ ಎತ್ತರ ಸಿಕ್ಕರೆ ಚಿತ್ರದ ಗುಣವೇ ಬದಲಾಗುತ್ತದೆ. ನಿಮ್ಮದಲ್ಲದ ಕಟ್ಟಡವಾದರೆ ಮಾಲೀಕರನ್ನು ಕೇಳಿ, ತೆಗೆದ ಚಿತ್ರಗಳನ್ನು ಅವರಿಗೆ ತೋರಿಸಿ. ಗಾಜಿನ ಹಿಂದಿನಿಂದ ತೆಗೆಯುವುದಾದರೆ ಕೋಣೆಯ ದೀಪ ಆರಿಸಿ, ಲೆನ್ಸ್ ಅನ್ನು ಗಾಜಿಗೆ ಹತ್ತಿರವಾಗಿ, ನೇರವಾಗಿ ಹಿಡಿಯಿರಿ. ಓರೆಯಾದಷ್ಟೂ ಚಿತ್ರ ಮಂಜಾಗುತ್ತದೆ.

ಮೂರನೆಯದು ಹಿನ್ನೆಲೆ. ಹಸಿರು ಹಕ್ಕಿ ಹಸಿರೆಲೆಯ ನಡುವೆ ಇರುವುದು ಅದಕ್ಕೆ ರಕ್ಷಣೆ, ನಮಗೆ ತೊಡಕು. ಎಲೆ ಉದುರಿಸಿ ಹೂ ಬಿಡುವ ಬೂರುಗದಂತಹ ಮರಗಳು, ಒಣಗಿದ ತುದಿಕೊಂಬೆಗಳು, ಬೀಜದ ಗೊನೆ ಹೊರಕ್ಕೆ ಜೋತುಬಿದ್ದ ಅಂಚುಗಳು ನಿಮ್ಮ ಮಿತ್ರರು. ಹಕ್ಕಿಯ ಹಿಂದಿನ ಗೋಡೆಯೋ ಮರವೋ ಸಾಕಷ್ಟು ದೂರವಿದ್ದರೆ ಮೃದುವಾಗಿ ಮಸುಕಾಗುತ್ತದೆ. ಒಂದು ಹೆಜ್ಜೆ ಎಡಕ್ಕೋ ಬಲಕ್ಕೋ ಸರಿದರೆ ಹಿನ್ನೆಲೆಯ ನೀರಿನ ತೊಟ್ಟಿ ಮಾಯವಾಗುತ್ತದೆ. ಹಾಗೆಂದು ನಗರವನ್ನು ಪೂರ್ತಿ ಅಳಿಸಬೇಕೆಂದು ನನಗೆ ಅನ್ನಿಸುವುದಿಲ್ಲ. ತಂತಿಯ ಮೇಲೆ ಸಾಲಾಗಿ ಕುಳಿತ ಹಿಂಡು, ಬಟ್ಟೆ ಒಣಹಾಕಿದ ತಾರಸಿಯ ಮೇಲಿನಿಂದ ಹಾರುವ ಜೋಡಿ ನಿಜವಾದ ಚಿತ್ರಗಳೇ. ಕಾಡಿನಲ್ಲಿ ತೆಗೆದಂತೆ ಕಾಣಿಸಲು ಹೆಣಗುವುದಕ್ಕಿಂತ ಹಕ್ಕಿ ಬದುಕುವ ಜಾಗವನ್ನು ಇದ್ದಂತೆ ತೋರಿಸುವುದು ಮೇಲು.

ಕ್ಯಾಮೆರಾದ ಹೊಂದಾಣಿಕೆ

300 ಮಿ.ಮೀ. ಲೆನ್ಸ್ ಇದ್ದರೆ ಆರಂಭಕ್ಕೆ ಸಾಕು, 400ರಿಂದ 600 ಇದ್ದರೆ ಹಾಯೆನಿಸುತ್ತದೆ. ಕುಳಿತ ಹಕ್ಕಿಗೆ ಶಟರ್ ವೇಗ (ಚಿತ್ರಕ್ಕೆ ಬೆಳಕು ಬೀಳುವ ಸಮಯ) 1/500 ಸೆಕೆಂಡಿಗಿಂತ ಕಡಿಮೆಯಾಗದಿರಲಿ. ತಿನ್ನುವ ಗಿಳಿ ತಲೆಯನ್ನು ಕ್ಷಣಕ್ಕೊಮ್ಮೆ ತಿರುಗಿಸುತ್ತದೆ, ಆಗ 1/1000 ಬೇಕು. ಅಪರ್ಚರ್, ಅಂದರೆ ಲೆನ್ಸ್‌ನೊಳಗೆ ಬೆಳಕು ಬಿಡುವ ಕಿಂಡಿ, ಎಫ್/5.6ರಿಂದ ಎಫ್/8ರ ನಡುವೆ ಇರಲಿ. ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ, ಸ್ವಯಂಚಾಲಿತವಾಗಿರಲಿ. ತುಸು ಕಾಳುಕಾಳಾದ ಚಿತ್ರವನ್ನು ಸರಿಪಡಿಸಬಹುದು, ಅಲುಗಿದ ಚಿತ್ರವನ್ನು ಯಾರೂ ಸರಿಪಡಿಸಲಾರರು.

ಫೋಕಸ್ ಬಿಂದು ಒಂದೇ ಇರಲಿ, ಅದು ಕಣ್ಣಿನ ಮೇಲಿರಲಿ. ಎಲೆಗಳ ನಡುವೆ ಅಗಲ ಪ್ರದೇಶದ ಫೋಕಸ್ ಬಿಟ್ಟರೆ ಕ್ಯಾಮೆರಾ ಮುಂದಿನ ಎಲೆಗೆ ಅಂಟಿಕೊಳ್ಳುತ್ತದೆ. ಹಕ್ಕಿಯ ಕಣ್ಣನ್ನು ಗುರುತಿಸುವ ಹೊಸ ಕ್ಯಾಮೆರಾಗಳೂ ದಟ್ಟ ಎಲೆಗಳಲ್ಲಿ ಆಗಾಗ ಮೋಸಹೋಗುತ್ತವೆ.

ಎಕ್ಸ್‌ಪೋಷರ್ (ಚಿತ್ರಕ್ಕೆ ಸಿಗುವ ಬೆಳಕಿನ ಪ್ರಮಾಣ) ವಿಷಯದಲ್ಲಿ ಎರಡು ಸಂದರ್ಭ ನೆನಪಿಡಿ. ಹಿಂದೆ ಬೆಳ್ಳನೆಯ ಆಕಾಶವಿದ್ದರೆ ಕ್ಯಾಮೆರಾ ಹಕ್ಕಿಯನ್ನು ಕಪ್ಪಾಗಿಸುತ್ತದೆ, ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಅನ್ನು +1ರಿಂದ +1.7ರಷ್ಟು ಹೆಚ್ಚಿಸಿ. ಹಕ್ಕಿಗೆ ಬಿಸಿಲು ಬಿದ್ದು ಹಿಂದೆ ಕಡು ನೆರಳಿದ್ದರೆ ಇದಕ್ಕೆ ವಿರುದ್ಧ; -0.3ರಿಂದ -0.7ರಷ್ಟು ಇಳಿಸಿ. ಇಳಿಸದಿದ್ದರೆ ಎದೆಯ ಹಳದಿ ಹಸಿರು ಗರಿಗಳು ಒಂದೇ ಬಣ್ಣದ ಬಳಿದ ಗೋಡೆಯಂತಾಗಿ, ಗರಿಯ ಎಳೆಗಳೆಲ್ಲ ಅಳಿಸಿಹೋಗುತ್ತವೆ. ಹಿಸ್ಟೋಗ್ರಾಮ್ (ಚಿತ್ರದಲ್ಲಿ ಬೆಳಕು ಹಂಚಿರುವ ರೀತಿ ತೋರಿಸುವ ನಕ್ಷೆ) ನೋಡುವ ಅಭ್ಯಾಸವಿದ್ದರೆ ಹಸಿರಿನ ಗೆರೆಯನ್ನು ಬೇರೆಯಾಗಿ ನೋಡಿ, ಮೊದಲು ಬಲ ಅಂಚಿಗೆ ತಾಗುವುದು ಅದೇ. ಕ್ಯಾಮೆರಾ ದಾಖಲಿಸಿದ್ದನ್ನು ಹಾಗೆಯೇ ಉಳಿಸುವ ರಾ ಕಡತದಲ್ಲಿ ತೆಗೆದರೆ ಆಮೇಲೆ ತಿದ್ದಲು ಅವಕಾಶವಿರುತ್ತದೆ.

ನಡುಹಗಲಿನಲ್ಲಿ ತಾರಸಿ, ತಗಡಿನ ಚಾವಣಿಗಳ ಮೇಲಿಂದ ದೂರಕ್ಕೆ ಗುರಿಯಿಡಬೇಡಿ. ಬಿಸಿಗಾಳಿಯ ಅಲುಗಾಟಕ್ಕೆ ಫೋಕಸ್ ಸರಿಯಿದ್ದರೂ ಚಿತ್ರ ಕಲಸಿದಂತೆ ಬರುತ್ತದೆ. ಲೆನ್ಸ್ ಕೆಟ್ಟಿದೆ ಎಂದು ಎಷ್ಟೋ ಮಂದಿ ಗಾಬರಿಯಾಗುವುದು ಇದರಿಂದಲೇ.

ಮೊಬೈಲ್ ಮಾತ್ರ ಇದ್ದವರು ಡಿಜಿಟಲ್ ಝೂಮ್‌ ಅನ್ನು ಮರೆತುಬಿಡಿ. ಬೈನಾಕ್ಯುಲರ್‌ನ ಒಂದು ಕಣ್ಣಿಗೆ ಮೊಬೈಲ್ ಲೆನ್ಸ್ ಒತ್ತಿಹಿಡಿದರೆ ಕುಳಿತ ಗಿಳಿಯ ಚಿತ್ರ ಚೆನ್ನಾಗಿಯೇ ಬರುತ್ತದೆ, ಬೈನಾಕ್ಯುಲರ್ ಅಲುಗದಂತೆ ಏನಕ್ಕಾದರೂ ಆನಿಸಿರಬೇಕಷ್ಟೆ. ಇಲ್ಲವೇ ಮೊಬೈಲ್‌ಗೆ ಒಗ್ಗುವ ಚಿತ್ರಗಳನ್ನೇ ಹುಡುಕಿ: ಸಂಜೆಯ ಆಕಾಶದೆದುರು ಹಿಂಡಿನ ನೆರಳು ರೂಪ, ಮರದ ಬುಡದ ತುಂಬ ಚೆಲ್ಲಿದ ಹೂಗಳು.

ಕಾಯುವ ಹೊತ್ತು

ಹಕ್ಕಿಗಳು ಬರುವುದಕ್ಕೆ ಇಪ್ಪತ್ತು ನಿಮಿಷ ಮೊದಲೇ ಹೋಗಿ ಕುಳಿತುಬಿಡಿ. ಮೊದಲೇ ಅಲ್ಲಿದ್ದ ಮನುಷ್ಯನನ್ನು ಗಿಳಿ ಕಂಬದಂತೆ ಕಾಣುತ್ತದೆ, ಆಮೇಲೆ ನಡೆದು ಬಂದವನನ್ನು ಅನುಮಾನದಿಂದ ನೋಡುತ್ತದೆ. ತಡವಾಗಿಹೋದರೆ ಮರದ ಕಡೆಗೆ ನೇರವಾಗಿ ನಡೆಯದೆ, ಬೇರೆಲ್ಲಿಗೋ ಹೋಗುವವರಂತೆ ಓರೆಯಾಗಿ ಸಾಗಿ. ಕ್ಯಾಮೆರಾವನ್ನು ನಿಧಾನವಾಗಿ ಎತ್ತಿ.

ಇನ್ನು ಗುಂಡಿ ಒತ್ತುವ ಮೊದಲು ಒಂದೇ ಒಂದು ಹಕ್ಕಿಯನ್ನು ಆರಿಸಿ, ಅದನ್ನೇ ನೋಡಿ. ಒಂದು ಮುಂಜಾನೆ ನಾನು ಹೀಗೆ ನೋಡಿದ ಹೆಣ್ಣು ಗಿಳಿ ತೆಳ್ಳನೆಯ ಟೊಂಗೆಯ ಮೇಲೆ ಅಡ್ಡಡ್ಡವಾಗಿ ಸರಿಯುತ್ತ ಬಂತು. ಟೊಂಗೆ ಬಾಗಿದಲ್ಲಿ ಕೊಕ್ಕಿನಿಂದ ಮೇಲಿನ ಕವಲನ್ನು ಕಚ್ಚಿ, ಮೈಯನ್ನೆಳೆದುಕೊಂಡು, ಆಮೇಲೆ ಕಾಲು ಎತ್ತಿತು. ಕೊಕ್ಕು ಅದಕ್ಕೆ ಮೂರನೆಯ ಕಾಲು. ಒಂದು ಕಾಯಿಯನ್ನು ತೊಟ್ಟಿನ ಬಳಿ ಕತ್ತರಿಸಿತು. ಎರಡು ಬೆರಳು ಮುಂದಕ್ಕೆ, ಎರಡು ಹಿಂದಕ್ಕಿರುವ ಆ ಪಾದ ಕಾಯಿಯನ್ನು ಮುಷ್ಟಿಯಂತೆ ಹಿಡಿದು ಬಾಯಿಗೆ ತಂದಿತು. ಕಪ್ಪು ನಾಲಿಗೆ ಕಾಯಿಯನ್ನು ಕೊಕ್ಕಿನೊಳಗೆ ಉರುಳಿಸುತ್ತಿತ್ತು, ಸಿಪ್ಪೆ ಎಳೆಎಳೆಯಾಗಿ ಕೆಳಗುದುರುತ್ತಿತ್ತು. ಬೀಜ ಸಿಕ್ಕ ಕ್ಷಣ ಕಣ್ಣಿನ ಪಾಪೆ ಸಾಸಿವೆಯಷ್ಟಾಗಿ ಕುಗ್ಗಿ ಸುತ್ತಲಿನ ತಿಳಿ ಹಳದಿ ಅಗಲವಾಯಿತು, ಮತ್ತೆ ಹಿಗ್ಗಿತು. ಗಿಳಿ ಉತ್ಸಾಹಗೊಂಡಾಗ ಪಾಪೆಯನ್ನು ಹೀಗೆ ಕುಗ್ಗಿಸಿ ಹಿಗ್ಗಿಸುತ್ತದೆ. ಆ ಹಳದಿ ಅಗಲವಾದ ಗಳಿಗೆಯೇ ಚಿತ್ರದ ಗಳಿಗೆ.

ಗಿಳಿಗಳ ಹಲವು ಜಾತಿಗಳಲ್ಲಿ ಎಡಗಾಲಿನಿಂದ ಹಿಡಿದು ತಿನ್ನುವವೇ ಹೆಚ್ಚು. ನಿಮ್ಮ ಹಕ್ಕಿ ಯಾವ ಕಾಲು ಎತ್ತುತ್ತದೆ ಎಂದು ನೋಡಿಕೊಳ್ಳಿ. ಎಡಗಾಲಾದರೆ ಅದರ ಬಲಗಡೆಯಿಂದ ಮುಖ ತೆರವಾಗಿ ಕಾಣುತ್ತದೆ, ಎಡಗಡೆಯಿಂದ ಎತ್ತಿದ ಕಾಲೇ ಮುಖವನ್ನು ಮುಚ್ಚುತ್ತದೆ.

ಜೋಡಿಗಳು ಪರಸ್ಪರ ಕತ್ತಿನ ಗರಿ ತೀಡುವುದು, ಸಣ್ಣ ಮಳೆಗೆ ರೆಕ್ಕೆ ಬಿಡಿಸಿ ಮೀಯುವುದು, ಹೂವಿಗಾಗಿ ತಲೆಕೆಳಗಾಗಿ ಜೋತುಬೀಳುವುದು ಇವನ್ನೆಲ್ಲ ಕಾಯಬಹುದು. ಹಿಂಡು ಇದ್ದಕ್ಕಿದ್ದಂತೆ ಒಟ್ಟಾಗಿ ಚಿಮ್ಮಿದರೆ ಆಕಾಶವನ್ನು ಒಮ್ಮೆ ನೋಡಿ, ಹದ್ದೋ ಡೇಗೆಯೋ ಸುಳಿದಿರಬಹುದು. ಆದರೆ ಹಕ್ಕಿ ತಿನ್ನುವುದನ್ನು ನಿಲ್ಲಿಸಿ, ಗರಿಗಳನ್ನು ಮೈಗೆ ಬಿಗಿದುಕೊಂಡು, ಕತ್ತು ನೀಳ ಮಾಡಿ ನಿಮ್ಮನ್ನೇ ನೋಡುತ್ತಿದ್ದರೆ ನೀವೇ ಹತ್ತಿರವಾಗಿದ್ದೀರಿ. ಹಿಂದೆ ಸರಿಯಿರಿ.

ಹಾರುವಾಗ

ಕುಳಿತ ಹಕ್ಕಿಯಿಂದ ತೃಪ್ತಿಯಾದ ಮೇಲೆ ಇದಕ್ಕೆ ಕೈಹಾಕಿ. ವೇಗ 1/2000ಕ್ಕಿಂತ ಕಡಿಮೆ ಬೇಡ, ನಿರಂತರ ಫೋಕಸ್ ಮತ್ತು ಸರಣಿ ಚಿತ್ರೀಕರಣ ಚಾಲೂ ಇರಲಿ. ಹಕ್ಕಿ ಗಾಳಿಗೆ ಎದುರಾಗಿ ಮೇಲೇಳುತ್ತದೆ. ಹಾಗಾಗಿ ಬಿಸಿಲಿನ ಜೊತೆಗೆ ಗಾಳಿಯೂ ನಿಮ್ಮ ಬೆನ್ನಿಗಿದ್ದ ದಿನ ಅವು ನಿಮ್ಮತ್ತಲೇ ಮುಖಮಾಡಿ ಹಾರುತ್ತವೆ. ನೋಟ್‌ಬುಕ್‌ನಲ್ಲಿ ಗುರುತಿಸಿದ ದಾರಿಯಲ್ಲಿ, ಎರಡು ಕಟ್ಟಡಗಳ ನಡುವಿನ ಸಂದಿಯಂತಹ ಜಾಗ ಹಿಡಿದು, ದೂರದಿಂದಲೇ ಚೌಕಟ್ಟಿಗೆ ತಂದುಕೊಂಡು ಜೊತೆಯಲ್ಲೇ ತಿರುಗಿ. ಬೆಳಕು ತೀರ ಇಳಿದ ಮೇಲೆ ಹಟ ಹಿಡಿಯದೆ ವೇಗವನ್ನು 1/30ಕ್ಕೆ ತಂದು ಹಿಂಡಿನೊಂದಿಗೆ ಕ್ಯಾಮೆರಾವನ್ನು ಹಾಯಿಸಿ. ಹತ್ತರಲ್ಲಿ ಒಂಬತ್ತು ಹಾಳಾಗುತ್ತವೆ, ಹತ್ತನೆಯದರಲ್ಲಿ ಹಸಿರು ಗೆರೆಗಳು ಮುಸ್ಸಂಜೆಯ ಮೇಲೆ ಹರಿದಂತೆ ಮೂಡುತ್ತವೆ.

ಗೂಡಿನ ಹತ್ತಿರ ಮಾಡಬಾರದ ಕೆಲಸಗಳು

ಈ ಭಾಗವನ್ನು ದಯವಿಟ್ಟು ಓದದೆ ದಾಟಬೇಡಿ.

ಗುಲಾಬಿ ಕೊರಳಪಟ್ಟಿಯ ಗಿಳಿಗಳು ಸಾಮಾನ್ಯವಾಗಿ ವರ್ಷದ ಮೊದಲ ತಿಂಗಳುಗಳಲ್ಲಿ ಪೊಟರೆ ಹಿಡಿಯುತ್ತವೆ. ಮೂರು ವಾರಕ್ಕಿಂತ ತುಸು ಹೆಚ್ಚು ಕಾಲ ಹೆಣ್ಣು ಕಾವು ಕೊಡುತ್ತದೆ, ಮರಿಗಳು ಹೊರಬರಲು ಮತ್ತೆ ಆರೇಳು ವಾರ ಬೇಕು. ಪೊಟರೆಯ ಬಾಯಲ್ಲಿ ಹೆಣ್ಣಿನ ಮುಖ ಇಣುಕುವ ದೃಶ್ಯ ಎಂಥವರನ್ನೂ ಸೆಳೆಯುತ್ತದೆ. ದೂರದಿಂದ, ಉದ್ದದ ಲೆನ್ಸ್‌ನಲ್ಲಿ, ಹತ್ತು ನಿಮಿಷ ನಿಂತು ತೆಗೆದು ಹೊರಟುಬಿಡಿ. ಮೇವು ತಂದ ಗಂಡು ಪಕ್ಕದ ಕೊಂಬೆಯಲ್ಲಿ ಕುಳಿತು ಒಳಗೆ ಹೋಗದೆ ಕೂಗುತ್ತಿದ್ದರೆ, ಅದು ನಿಮ್ಮಿಂದಾಗಿ ನಿಂತಿದೆ ಎಂದೇ ತಿಳಿಯಿರಿ. ಪೊಟರೆಯ ಮುಂದಿನ ಎಲೆ ಕೊಂಬೆಗಳನ್ನು ಕತ್ತರಿಸಬೇಡಿ. ಮೊಟ್ಟೆ ಮರಿ ಕದಿಯುವ ಕಾಗೆಗೂ ಹಾವಿಗೂ ಅದು ಬಾಗಿಲು ತೋರಿಸಿದಂತೆ. ಏಣಿ ಹಾಕಬೇಡಿ, ಫ್ಲ್ಯಾಷ್ ಹಾಕಬೇಡಿ, ಡ್ರೋನ್ ಹಾರಿಸಬೇಡಿ. ಮೊಬೈಲ್‌ನಲ್ಲಿ ಗಿಳಿಯ ಕೂಗು ಹಾಕಿ ಕರೆಯುವುದೂ ಬೇಡ, ಅದು ಹಕ್ಕಿಯನ್ನು ಮೋಸಗೊಳಿಸಿ ಅದರ ಸಮಯವನ್ನೂ ಶಕ್ತಿಯನ್ನೂ ಕಸಿದುಕೊಳ್ಳುತ್ತದೆ. ಕಾಳು ಚೆಲ್ಲಿ ಹತ್ತಿರಕ್ಕೆ ಕರೆಸುವುದನ್ನೂ ನಾನು ಒಪ್ಪುವುದಿಲ್ಲ. ಒಂದೇ ಕಡೆ ಹಕ್ಕಿಗಳು ಕಿಕ್ಕಿರಿದರೆ ರೋಗ ಹರಡುತ್ತದೆ. ಮನುಷ್ಯನ ಕೈಯನ್ನು ನಂಬಿದ ಗಿಳಿ ಹಿಡಿಯುವವನ ಕೈಯನ್ನೂ ನಂಬುತ್ತದೆ.

ಪಂಜರದ ವ್ಯಾಪಾರಕ್ಕಾಗಿ ಮರಿಗಳನ್ನು ಪೊಟರೆಯಿಂದ ಕದಿಯುವವರಿದ್ದಾರೆ. ಆದ್ದರಿಂದ ಗೂಡಿನ ಮರವನ್ನು ಗುರುತಿಸುವಂತಹ ಚಿತ್ರವನ್ನು ಮರಿಗಳು ಹಾರಿಹೋಗುವವರೆಗೂ ಯಾರಿಗೂ ಕಳುಹಿಸಬೇಡಿ. ಮೊಬೈಲ್ ಕ್ಯಾಮೆರಾದಲ್ಲಿ ಸ್ಥಳ ದಾಖಲಿಸುವ ಸೌಲಭ್ಯವನ್ನು ಆರಿಸಿಡಿ. ಕಂಡ ಜೀವಿಗಳನ್ನು ಜನರು ದಾಖಲಿಸುವ ಐನ್ಯಾಚುರಲಿಸ್ಟ್‌ನಂತಹ ಜಾಲತಾಣಕ್ಕೆ ದಾಖಲೆ ಸೇರಿಸುವಾಗ ಸ್ಥಳವನ್ನು ಮಸುಕಾಗಿಸುವ ಆಯ್ಕೆಯಿದೆ, ಅದನ್ನು ಬಳಸಿ.

ನೆರೆಹೊರೆಯವರ ಮಾತೂ ಇದೆ. ಗಿಳಿಯ ಹಿಂದೆ ಯಾರದೋ ಮಲಗುವ ಕೋಣೆಯ ಕಿಟಕಿಯಿರುತ್ತದೆ. ಉದ್ದದ ಲೆನ್ಸ್ ಅತ್ತ ತಿರುಗಿದರೆ ಒಳಗಿದ್ದವರಿಗೆ ಭಯವಾಗುವುದು ಸಹಜ. ಮೊದಲ ದಿನವೇ ಆ ಮನೆಯವರನ್ನು ಕಂಡು, ಏನು ಮಾಡುತ್ತಿದ್ದೀರಿ ಎಂದು ಹೇಳಿ, ಒಂದೆರಡು ಚಿತ್ರ ತೋರಿಸಿ. ನನಗೆ ಎರಡು ಮೇವಿನ ಮರಗಳ ಸುಳಿವು ಸಿಕ್ಕಿದ್ದು ಹೀಗೆ ಮಾತಿಗೆ ಸಿಕ್ಕವರಿಂದಲೇ.

ಮನೆಗೆ ಬಂದ ಮೇಲೆ

ಮೊದಲು ಕಣ್ಣು ಚೂಪಾಗಿಲ್ಲದ ಚಿತ್ರಗಳನ್ನೆಲ್ಲ ತೆಗೆದುಹಾಕಿ. ಆಮೇಲೆ ಕಣ್ಣಿನಲ್ಲಿ ಬೆಳಕಿನ ಚುಕ್ಕಿಯಿಲ್ಲದವನ್ನು. ಉಳಿದವುಗಳಲ್ಲಿ ಹಕ್ಕಿ ಏನೋ ಮಾಡುತ್ತಿರುವ ಚಿತ್ರವನ್ನು ಸುಮ್ಮನೆ ಕುಳಿತ ಚಿತ್ರಕ್ಕಿಂತ ಮೇಲಿಡಿ. ಬಣ್ಣ ತಿದ್ದುವಾಗ ಹಸಿರನ್ನು ಹೆಚ್ಚಿಸುವ ಆಸೆಯನ್ನು ತಡೆದುಕೊಳ್ಳಿ. ಎಲೆಗಳ ನಡುವೆ ತೆಗೆದ ಚಿತ್ರದಲ್ಲಿ ಎಲೆಯ ಹಸಿರು ಛಾಯೆ ಹಕ್ಕಿಯ ಮೇಲೂ ಬಿದ್ದಿರುತ್ತದೆ, ಅದನ್ನು ಸ್ವಲ್ಪ ತಗ್ಗಿಸಿದರೆ ಬಾಲದ ನೀಲಿಯೂ ಕೊಕ್ಕಿನ ಕೆಂಪೂ ತಾವಾಗಿಯೇ ಮೇಲೆದ್ದು ಬರುತ್ತವೆ.

ಕೊನೆಗೆ ಮತ್ತೆ ನೋಟ್‌ಬುಕ್ ತೆರೆಯಿರಿ. ಯಾವ ಮರ, ಯಾವಾಗ ಹೂ ಬಿಟ್ಟಿತು, ಯಾವಾಗ ಕಾಯಿ ಮುಗಿದು ಹಿಂಡು ಬರುವುದನ್ನು ನಿಲ್ಲಿಸಿತು, ಎಷ್ಟು ಗಂಟೆಗೆ ಯಾವ ಕೊಂಬೆಗೆ ಬಿಸಿಲು ಬೀಳುತ್ತಿತ್ತು ಎಂದು ದಿನಾಂಕದೊಂದಿಗೆ ಬರೆದಿಡಿ. ಮುಂದಿನ ವರ್ಷ ಆ ದಿನಾಂಕಕ್ಕೆ ಒಂದು ವಾರ ಮೊದಲೇ ಹೋಗಿ, ಮೊಗ್ಗು ಬಂದಿದೆಯೇ ಎಂದು ಮರವನ್ನು ನೋಡಿಕೊಂಡು ಬನ್ನಿ.